ಚಹಾ ಕೊಟ್ಟವರಿಗೆ ಹೆಸರಿಲ್ಲವೇ?

ಊರಿನ ಆಟದ ಕ್ಲಬ್ಬಿನ ಚರಿತ್ರೆಯೆಂದರೆ ಗಂಡಸರ ಚರಿತ್ರೆ ಎಂದು ತೀರ್ಮಾನಿಸಿದವರು ಯಾರು? ಐರ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ತಂಗಿ, ತಾನಿರುವ ಊರಿನ ಗೇಲಿಕ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯ ಪುಸ್ತಕ ತಂದುಕೊಟ್ಟಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇದು ನಾವು ಟಿ.ವಿ.ಯಲ್ಲಿ ನೋಡುವ ಫುಟ್‌ಬಾಲ್ ಅಲ್ಲ. ಒಂದೊಂದು ಕಡೆ ಹದಿನೈದು ಮಂದಿ. ಚೆಂಡನ್ನು ಕೈಯಲ್ಲಿ ಹಿಡಿಯಲೂಬಹುದು, ಕಾಲಲ್ಲಿ ಒದೆಯಲೂಬಹುದು. ಆಡುವವರಿಗೆ ಸಂಬಳವಿಲ್ಲ. ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೇ ಆಡುವುದು ಅಲ್ಲಿಯ ರೂಢಿ. ಹಾಗಾಗಿ ಎಲ್ಲವೂ ನಿಂತಿರುವುದು ಪುಕ್ಕಟೆ ದುಡಿಮೆಯ ಮೇಲೆ. ಮೈದಾನದ ಹುಲ್ಲು ಕತ್ತರಿಸಬೇಕು, ಲಾಟರಿ ಟಿಕೆಟ್ ಮಾರಬೇಕು, ಕೆಸರು ಮೆತ್ತಿದ ಜೆರ್ಸಿ ಒಗೆಯಬೇಕು, ಪಂದ್ಯ ಮುಗಿದ ಮೇಲೆ ಚಹಾ ಕೊಡಬೇಕು.

ಆ ಪುಸ್ತಕದಲ್ಲಿ ಕ್ಯಾಪ್ಟನ್‌ಗಳ ಪಟ್ಟಿಯಿದೆ, ಮೈದಾನಕ್ಕೆ ಜಾಗ ಕೊಂಡ ಕಮಿಟಿಯಿದೆ, ಹುಲ್ಲು ಕತ್ತರಿಸಿದ ಹಿರಿಯರ ಫೋಟೋ ಕೂಡ ಇದೆ. ಸಂತೋಷವೇ. ಹೆಂಗಸರಿಗೆ ಮಾತ್ರ ಕೊನೆಯ ಪುಟದಲ್ಲಿ ಒಂದೇ ಸಾಲಿನ ಕೃತಜ್ಞತೆ, ಅದೂ ಚಹಾಕ್ಕೆ. ಹೆಸರು ಒಂದೂ ಇಲ್ಲ. ಗಂಡಸು ಪುಕ್ಕಟೆ ದುಡಿದರೆ ಸೇವೆ, ಹೆಂಗಸು ದುಡಿದರೆ ಮನೆಗೆಲಸ!

ಆಗ ಹೆಂಗಸರು ಎಲ್ಲಿ ಆಡುತ್ತಿದ್ದರು ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಹೋಟೆಲಿನ ಕಥೆ ಹೇಳುತ್ತೇನೆ. ಟಿಪ್ಪೆರರಿ ಕೌಂಟಿಯ ಥರ್ಲ್ಸ್ ಎಂಬ ಊರಿನ ಹೇಯ್ಸ್ ಹೋಟೆಲಿನಲ್ಲಿ 1884ರ ನವೆಂಬರ್ 1ರಂದು ಮೈಕೆಲ್ ಕ್ಯೂಸಾಕ್ ಮತ್ತು ಸಂಗಡಿಗರು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಅದೇ ಹೋಟೆಲಿನಲ್ಲಿ ಮಹಿಳಾ ಫುಟ್‌ಬಾಲ್ ಸಂಘ ಹುಟ್ಟಿದ್ದು 1974ರಲ್ಲಿ. ಒಂದೇ ಸೂರಿನ ಕೆಳಗೆ ಬಂದು ಕೂರಲು ಹೆಂಗಸರಿಗೆ ತೊಂಬತ್ತು ವರ್ಷ ಹಿಡಿಯಿತು. ಬಂದ ವರ್ಷವೇ ಅಖಿಲ ಐರ್ಲೆಂಡ್ ಫೈನಲ್ ನಡೆದು ಟಿಪ್ಪೆರರಿ ತಂಡ ಆಫಲಿ ತಂಡವನ್ನು ಸೋಲಿಸಿತು. ಆಡಲು ಬಾರದವರು ಅದೇ ವರ್ಷ ಫೈನಲ್ ಆಡುತ್ತಾರೆಯೇ? 2019ರ ಫೈನಲ್‌ಗೆ ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ ಸೇರಿದ ಜನ 56,114. ಹೆಂಗಸರ ಆಟ ಯಾರು ನೋಡುತ್ತಾರೆ ಎಂಬ ಮಾತಿಗೆ ಇಷ್ಟು ಉತ್ತರ ಸಾಲದೇ?

ಆದರೂ ಇವರ ಸಂಘ ಬೇರೆ, ಅವರ ಸಂಘ ಬೇರೆ. ಎಲ್ಲವನ್ನೂ 2027ಕ್ಕೆ ಒಂದುಗೂಡಿಸುವ ಗುರಿಯನ್ನು ಮಾಜಿ ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಮುಂದಾಳತ್ವದ ಸಮಿತಿ 2024ರಲ್ಲಿ ಪ್ರಕಟಿಸಿತು. ಒಳ್ಳೆಯದೇ. ನನ್ನ ತಕರಾರು ಇಷ್ಟೇ: ಸಂಘಗಳು ಒಂದಾದ ಮಾತ್ರಕ್ಕೆ ಚರಿತ್ರೆ ಒಂದಾಗುವುದಿಲ್ಲ. ಹಳೆಯ ಪುಸ್ತಕದ ಕೊನೆಗೆ ಮಹಿಳೆಯರದೊಂದು ಅಧ್ಯಾಯ ಅಂಟಿಸಿದರೆ ಅದು ಚಹಾದ ಸಾಲನ್ನೇ ಉದ್ದ ಮಾಡಿದಂತೆ.

ಪುಸ್ತಕವನ್ನು ಮೊದಲಿನಿಂದ ಬರೆಯಲಿ. ಜೆರ್ಸಿ ಒಗೆದವರು, ಟಿಕೆಟ್ ಮಾರಿದವರು ಇನ್ನೂ ಬದುಕಿರುವಾಗಲೇ ಅವರ ಮನೆಗೆ ಹೋಗಿ ಹೆಸರು ಕೇಳಿ ಬರೆದುಕೊಳ್ಳಲಿ. ತೊಂಬತ್ತು ವರ್ಷ ಕಾದವರನ್ನು ಇನ್ನೊಂದು ಮುದ್ರಣಕ್ಕೆ ಕಾಯಿಸುವುದು ಅನ್ಯಾಯ.