ಗಣಕಯಂತ್ರಕ್ಕೆ ಬಂದ ಜ್ವರ

ಕಳೆದ ವೈಶಾಖಮಾಸದಲ್ಲಿ ದೊಡ್ಡಉಳ್ಳಾರ್ತಿಯ ನಮ್ಮ ಮನೆಯ ಗಣಕಯಂತ್ರವು ಮಧ್ಯಾಹ್ನವಾಯಿತೆಂದರೆ ಮೂರ್ಛೆಹೋಗತೊಡಗಿತು. ನಮ್ಮ ಸೊಸೆಯು ಮುದ್ರಣಾಲಯವೊಂದಕ್ಕೆ ಪುಸ್ತಕಗಳನ್ನು ಬೆರಳಚ್ಚು ಮಾಡಿಕೊಟ್ಟು ಇಬ್ಬರು ಮಕ್ಕಳ ವಿದ್ಯಾಭ್ಯಾಸವನ್ನು ನಡೆಸುತ್ತಿರುವಳು. ಆ ವಾರ ಒಪ್ಪಿಸಬೇಕಾಗಿದ್ದ 40 ಪುಟಗಳಲ್ಲಿ 11 ಪುಟಗಳು ಯಂತ್ರವು ಕಣ್ಣುಮುಚ್ಚಿದ ಕ್ಷಣದಲ್ಲಿ ಮಾಯವಾದುವು. ಪಟ್ಟಣದ ರಿಪೇರಿಯಂಗಡಿಯವರೊಬ್ಬರು ಪೆಟ್ಟಿಗೆಯನ್ನು ತೆರೆದುನೋಡದೆಯೇ, “ಪ್ರಾಸೆಸರು ಸುಟ್ಟಿದೆ ಮೇಷ್ಟ್ರೇ, 30,000 ರೂಪಾಯಿಗೆ ಹೊಸದನ್ನೇ ಕೊಡುತ್ತೇವೆ” ಎಂದರು.

ಈ ನಿರ್ಣಯವು ನಮಗೆ ಒಪ್ಪಿಗೆಯಾಗಲಿಲ್ಲ. ಸುಟ್ಟ ವಸ್ತುವು ಅರ್ಧ ಗಂಟೆ ವಿಶ್ರಾಂತಿ ಪಡೆದು ಮತ್ತೆ ಕೆಲಸಕ್ಕೆ ಏಳುವುದುಂಟೆ? ವಿದ್ಯುತ್ತು ಹೋಗಿರಲಿಲ್ಲ, ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇತ್ತು. ಬೆಳಗಿನ ಹೊತ್ತು ಚೆನ್ನಾಗಿ ನಡೆದು ಬಿಸಿಲೇರಿದ ಮೇಲೆ ನಿಲ್ಲುವುದೆಂದರೆ ಅದು ಮರಣವಲ್ಲ, ಜ್ವರ. ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂಬ ಪರೀಕ್ಷೆಯುಂಟು: ಯಾವುದಿದ್ದರೆ ದೋಷವಿರುವುದೋ, ಯಾವುದಿಲ್ಲದಿದ್ದರೆ ದೋಷವೂ ಇರದೋ, ಅದನ್ನು ಕಾರಣವೆಂದು ಹಿಡಿಯುವುದು. ಅದನ್ನೇ ಇಲ್ಲಿ ಪ್ರಯೋಗಿಸಿದೆವು.

ಜ್ವರವೆಂದ ಮೇಲೆ ಅಳೆಯಬೇಕಷ್ಟೆ. ಉಷ್ಣತೆಯನ್ನು ತೋರಿಸುವ ಎಚ್‌ಡಬ್ಲ್ಯೂ ಮಾನಿಟರ್, ಕೋರ್ ಟೆಂಪ್ ಮೊದಲಾದ ಸಲಕರಣೆಗಳು ಹಣ ಕೊಡದೆ ದೊರೆಯುತ್ತವೆ. ಸಾಮಾನ್ಯವಾಗಿ ಪ್ರಾಸೆಸರು ಸುಮ್ಮನಿರುವಾಗ 35ರಿಂದ 50 ಡಿಗ್ರಿ, ದುಡಿಯುವಾಗ 60ರಿಂದ 80 ಡಿಗ್ರಿ ಸೆಲ್ಸಿಯಸ್ ಇದ್ದರೆ ಚಿಂತೆಯಿಲ್ಲ. 95, 100ರ ಸಮೀಪಕ್ಕೆ ಬಂದರೆ ಅದು ತಾನಾಗಿಯೇ ವೇಗವನ್ನು ತಗ್ಗಿಸುವುದು. ಅದಕ್ಕೂ ಮೀರಿದರೆ ಪ್ರಾಣರಕ್ಷಣೆಗಾಗಿ ಯಂತ್ರವನ್ನೇ ನಿಲ್ಲಿಸಿಬಿಡುವುದು. ನಮ್ಮದು ಬೆಳಿಗ್ಗೆ ಏಳು ಗಂಟೆಗೆ ಸುಮ್ಮನಿರುವಾಗಲೇ 58 ಇದ್ದಿತು. ಚಲನಚಿತ್ರವೊಂದನ್ನು ಹಚ್ಚಿದ ಎರಡು ನಿಮಿಷಗಳಲ್ಲಿ 98ಕ್ಕೆ ಏರಿತು.

ವಾಚಕರು ಇಷ್ಟನ್ನು ನೆನಪಿನಲ್ಲಿಡಬೇಕು: ಪ್ರಾಸೆಸರು ಸೇವಿಸುವ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬರುವುದು. 65 ವಾಟ್ ಎಂದರೆ ಹಳೆಯ 60 ವಾಟ್ ಬಲ್ಬಿನಷ್ಟು ಶಾಖವು ಅಂಗೈಯಲ್ಲಿ ಅಡಗುವ ಬಿಲ್ಲೆಯೊಂದರಿಂದ ಹೊರಡಬೇಕಾಯಿತು. ಅದನ್ನು ಮೇಲಿನ ಲೋಹದ ರೆಕ್ಕೆಗಳು ಹೀರುತ್ತವೆ. ರೆಕ್ಕೆಗಳಿಂದ ಫ್ಯಾನಿನ ಗಾಳಿ ಒಯ್ಯುವುದು. ಆ ಗಾಳಿ ಪೆಟ್ಟಿಗೆಯಿಂದ ಹೊರಹೋಗುವುದು. ದೋಷವು ಈ ದಾರಿಯಲ್ಲಿ ಎಲ್ಲಿಯೋ ಇರಬೇಕು.

ಮೊದಲು ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು ನಡೆಯಿಸಿದೆವು. ಉಷ್ಣತೆಯು ಹತ್ತು ಹದಿನೈದು ಡಿಗ್ರಿ ಇಳಿದಿದ್ದರೆ ಪೆಟ್ಟಿಗೆಗೆ ಉಸಿರುಕಟ್ಟಿದೆಯೆಂದು ತಿಳಿಯಬಹುದಾಗಿತ್ತು. ಇಳಿದದ್ದು ಮೂರೇ ಡಿಗ್ರಿ. ಆದುದರಿಂದ ದೋಷವು ಇನ್ನೂ ಒಳಗಿತ್ತು. ತಂತಿಯನ್ನು ಗೋಡೆಯಿಂದ ಕಿತ್ತು, ಫ್ಯಾನನ್ನು ಬಿಡಿಸಿ ನೋಡಿದರೆ, ರೆಕ್ಕೆಗಳ ನಡುವೆ ಧೂಳೂ ಉಣ್ಣೆಯೂ ಕೂಡಿ ಕಂಬಳಿಯೇ ನೇಯ್ದುಕೊಂಡಿದ್ದಿತು! ಯಂತ್ರವನ್ನು ನೆಲದ ಮೇಲೆ, ಕಂಬಳಿಗಳನ್ನು ಪೇರಿಸಿದ ಮೂಲೆಯಲ್ಲಿಟ್ಟವರು ನಾವೇ. ಚಳ್ಳಕೆರೆಯ ಕಡೆಯ ಕಂಬಳಿಯ ಹೆಸರು ದೊಡ್ಡದು. ಆದರೆ ಅದು ಮನುಷ್ಯನಿಗೆ ಹೊದೆಸತಕ್ಕದ್ದು. ಮೃದುವಾದ ಬಣ್ಣದ ಬ್ರಷ್ಷಿನಿಂದ, ಫ್ಯಾನಿನ ರೆಕ್ಕೆಗಳು ಸುತ್ತದಂತೆ ಬೆರಳಿನಿಂದ ಹಿಡಿದು ಶುದ್ಧಮಾಡಿದೆವು. ಬಾಯಿಂದ ಊದಲು ಹೋದ ನಮ್ಮನ್ನು ಮೊಮ್ಮಗನು ತಡೆದನು. ಉಗುಳಿನ ತೇವವು ಯಂತ್ರಕ್ಕೆ ಆಗದಂತೆ. ವಿದ್ಯುತ್ತನ್ನು ಒದಗಿಸುವ ತಗಡಿನ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು. ತಂತಿ ಕಿತ್ತ ಮೇಲೆಯೂ ಅದರೊಳಗೆ ವಿದ್ಯುತ್ತು ಉಳಿದಿರುವುದುಂಟು.

ಸುಮ್ಮನಿರುವಾಗ 46ಕ್ಕೆ ಇಳಿಯಿತು, ಆದರೆ ದುಡಿಯುವಾಗ 88. ಅರ್ಧ ರೋಗವೇ ಹೋಗಿತ್ತು. ಮತ್ತೆ ನೋಡಲಾಗಿ, ಲೋಹದ ರೆಕ್ಕೆಗಳನ್ನು ಹಿಡಿದ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಬಿಗಿದೇ ಇರಲಿಲ್ಲ. ಬಿಲ್ಲೆಗೂ ಲೋಹಕ್ಕೂ ನಡುವಿನ ಥರ್ಮಲ್ ಪೇಸ್ಟು ಹಳೆಯ ಗಾರೆಯಂತೆ ಒಣಗಿ ಉದುರುತ್ತಿತ್ತು. ಲೋಹವು ನುಣುಪೆಂದು ಕಂಡರೂ ಅದರಲ್ಲಿ ಸೂಕ್ಷ್ಮವಾದ ಹಳ್ಳಗಳಿರುತ್ತವೆ. ಅಲ್ಲಿ ನಿಂತ ಗಾಳಿಯು ಶಾಖವನ್ನು ಬಿಡಲೊಲ್ಲದು. ಆ ಹಳ್ಳಗಳನ್ನು ತುಂಬುವುದೇ ಪೇಸ್ಟಿನ ಕೆಲಸ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿಕಾಳಿಗಿಂತ ಹೆಚ್ಚಾಗದಂತೆ ಹೊಸದನ್ನಿಟ್ಟು, ಕಾಲುಗಳನ್ನು ಕರ್ಣರೇಖೆಯಲ್ಲಿ ಎದುರುಬದುರಾಗಿ ಒತ್ತಿ ಬಿಗಿದೆವು. ರೊಟ್ಟಿಗೆ ಬೆಣ್ಣೆಯಂತೆ ದಪ್ಪವಾಗಿ ಬಳಿಯಬೇಕೆಂಬ ಮೊಮ್ಮಗನ ಉತ್ಸಾಹಕ್ಕೆ ಈ ಸಲ ನಾವು ತಡೆಯಾದೆವು.

ಅಂದಿನಿಂದ ಬೆಳಿಗ್ಗೆ ದುಡಿಯುವಾಗ 71. ಮಧ್ಯಾಹ್ನ 81. ಈ ಹತ್ತು ಡಿಗ್ರಿಗಳು ಯಂತ್ರದ ದೋಷವಲ್ಲ, ನಮ್ಮ ಸೀಮೆಯವು. ಕೋಣೆಯು ಎಷ್ಟು ಕಾಯುವುದೋ ಪ್ರಾಸೆಸರೂ ಸುಮಾರು ಅಷ್ಟೇ ಹೆಚ್ಚು ಕಾಯುವುದು. ಕಡೆಗೆ ವಿಂಡೋಸಿನ ವಿದ್ಯುತ್ ಯೋಜನೆಯಲ್ಲಿ ಪ್ರಾಸೆಸರಿನ ಗರಿಷ್ಠಮಿತಿಯನ್ನು 100ರಿಂದ 99ಕ್ಕೆ ಇಳಿಸಿದೆವು. ಇದರಿಂದ ಅನೇಕ ಯಂತ್ರಗಳಲ್ಲಿ ಹೆಚ್ಚುವರಿ ವೇಗದ ಓಟವು ನಿಲ್ಲುವುದು. ಬೆರಳಚ್ಚಿನವರಿಗೆ ಅದರಿಂದ ನಷ್ಟವೇನೂ ಇಲ್ಲ. ನೀರಿನ ಕೂಲರನ್ನು ಯಂತ್ರದ ಮುಖಕ್ಕೇ ತಿರುಗಿಸಿಡುವ ಉಪಾಯವನ್ನು ನೆರೆಯವರು ಸೂಚಿಸಿದರು; ಒದ್ದೆಗಾಳಿಯ ಭಯದಿಂದ ಬೇಡವೆಂದೆವು.

ನಮ್ಮ ತಾಲ್ಲೂಕಿನ ಕಾವಲುಭೂಮಿಯಲ್ಲಿ 2017ರಿಂದ ಚಾಲಕನಿಲ್ಲದ ವಿಮಾನಗಳ ಪರೀಕ್ಷಾಕೇಂದ್ರವಿರುವುದು; ಆದರೂ ಈ ಕೆಲಸಕ್ಕೆ ನಮಗೆ ಒದಗಿದ್ದು ಒಂದು ಬಣ್ಣದ ಬ್ರಷ್ಷು, ಒಂದು ಸ್ಕ್ರೂಡ್ರೈವರು. ಪೇಸ್ಟಿಗೂ ಆಲ್ಕೊಹಾಲಿಗೂ ತಗುಲಿದ ವೆಚ್ಚ 400 ರೂಪಾಯಿಗಳ ಒಳಗೆ.

ಕಂಬಳಿಗಳು ಅಟ್ಟವನ್ನು ಸೇರಿವೆ. ಯಂತ್ರವು ಗೋಡೆಯಿಂದ ಗೇಣುದೂರ ಮೇಜಿನ ಮೇಲಿದೆ. ಸೊಸೆಯು ಕಳೆದ 11 ಪುಟಗಳನ್ನು ಎರಡು ರಾತ್ರಿಗಳಲ್ಲಿ ಮತ್ತೆ ಹೊಡೆದು, ಗಡುವಿಗೆ ಒಂದು ದಿನ ಮುಂಚಿತವಾಗಿಯೇ ಕಳುಹಿಸಿಕೊಟ್ಟಳು.