ಆನೆಯ ಹೆಸರೂ ಪಂಡಿತರ ಹೆಮ್ಮೆಯೂ

ಇಂಗ್ಲಿಷಿನ ‘ಎಲಿಫೆಂಟ್’ ಎಂಬ ಶಬ್ದವು ಸಂಸ್ಕೃತದ ‘ಇಭ’ದಿಂದ ಹುಟ್ಟಿತೆಂದೂ, ತುರ್ಕಿಯ ‘ಫಿಲ್’ ಎಂಬುದು ‘ಪೀಲು’ವಿನ ಅಪಭ್ರಂಶವೆಂದೂ, ಆದುದರಿಂದ ಆನೆಯನ್ನು ಹೆಸರಿಟ್ಟು ಕರೆಯುವುದನ್ನು ಲೋಕಕ್ಕೆ ಕಲಿಸಿದವರು ಭಾರತೀಯರೇ ಎಂದೂ ಹೇಳುವ ವಿದ್ವಾಂಸರು ಕನ್ನಡನಾಡಿನಲ್ಲಿ ಕಡಿಮೆಯಿಲ್ಲ. ಈ ಮಾತಿಗೆ ಸಭೆಯಲ್ಲಿ ಕರತಾಡನವಾಗುತ್ತದೆ. ಹುಡುಗರು ಅದನ್ನು ಬರೆದುಕೊಳ್ಳುತ್ತಾರೆ. ಪ್ರಮಾಣವೇನೆಂದು ಕೇಳಿದವನು ದೇಶಾಭಿಮಾನವಿಲ್ಲದವನೆನ್ನಿಸಿಕೊಳ್ಳುತ್ತಾನೆ. ಆದರೆ ಪ್ರತ್ಯಕ್ಷ, ಅನುಮಾನ, ಶಬ್ದಗಳ ಪಂಕ್ತಿಯಲ್ಲಿ ಅಭಿಮಾನಕ್ಕೆ ಎಲೆ ಹಾಕಿದ ಶಾಸ್ತ್ರಕಾರನು ಯಾವನೂ ಇಲ್ಲ.

ಮೊದಲು ಇಂಗ್ಲಿಷ್ ಶಬ್ದವನ್ನು ವಿಚಾರಿಸಬಹುದು. ಅರಬ್ಬಿಯ ‘ಅಲ್’ ಎಂಬ ಉಪಪದವು ‘ಇಭ’ದೊಡನೆ ಸೇರಿ ಗ್ರೀಕರ ‘ಎಲೆಫಾಸ್’ ಆಯಿತೆಂಬುದು ಪೂರ್ವಪಕ್ಷ. ಹೋಮರನ ಕಾವ್ಯಗಳಲ್ಲಿ ಆ ಗ್ರೀಕ್ ಶಬ್ದಕ್ಕೆ ದಂತವೆಂದೇ ಅರ್ಥ, ಪ್ರಾಣಿಯೆಂದಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಹೆರೊಡೋಟಸನಲ್ಲಿ ಅದು ಪ್ರಾಣಿಗೆ ಹೆಸರಾಗಿ ಕಾಣುತ್ತದೆ. ಹೋಮರನಿಗಿಂತಲೂ ಪ್ರಾಚೀನವಾದ, ಮೂರು ಸಾವಿರ ವರ್ಷಗಳಿಗೂ ಹಿಂದಿನ ಮೃತ್ಫಲಕಗಳ ಲಿಪಿಯನ್ನು ಮೈಕೇಲ್ ವೆಂಟ್ರಿಸ್ 1952ರಲ್ಲಿ ಬಿಡಿಸಿದನು. ಅಲ್ಲಿಯೂ ‘ಎ-ರೆ-ಪ’ ಎಂದರೆ ದಂತವೇ. ಗ್ರೀಕರು ಮೊದಲು ಅರಿತದ್ದು ಸರಕನ್ನು, ಮೃಗವನ್ನಲ್ಲ. ಅಷ್ಟು ಹಿಂದಿನ ಕಾಲದಲ್ಲಿ ಅರಬ್ಬಿಯ ಉಪಪದವನ್ನೂ ಸಂಸ್ಕೃತದ ನಾಮಪದವನ್ನೂ ಕೂಡಿಸಿ ಗ್ರೀಸಿಗೆ ಒಯ್ದ ವರ್ತಕನು ಯಾರು? ಆ ಸಮಾಸವು ಯಾವ ಶಾಸನದಲ್ಲಿದೆ? ಈ ಪ್ರಶ್ನೆಗಳಿಗೆ ಪೂರ್ವಪಕ್ಷದವರಲ್ಲಿ ಉತ್ತರವಿಲ್ಲ.

ಗ್ರೀಕಿನಿಂದ ಲ್ಯಾಟಿನ್ನಿಗೂ, ಅಲ್ಲಿಂದ ಹಳೆಯ ಫ್ರೆಂಚಿಗೂ, ಫ್ರೆಂಚಿನಿಂದ ಇಂಗ್ಲಿಷಿಗೂ ಆ ಶಬ್ದವು ಇಳಿಯಿತು. ಫ್ರೆಂಚಿನ ‘ಒಲಿಫಾಂ’ ಎಂಬುದು ದಂತದಿಂದ ಕೊರೆದ ಕಹಳೆಗೂ ಹೆಸರಾಗಿತ್ತು. ಇನ್ನೂ ಸ್ವಾರಸ್ಯವಾದುದೇನೆಂದರೆ, ಪ್ರಾಚೀನ ಇಂಗ್ಲಿಷಿನಲ್ಲಿ ಇದೇ ಶಬ್ದದ ಬಳಗಕ್ಕೆ ಸೇರಿದ ‘ಓಲ್ಫೆಂಡ್’ ಎಂಬುದಕ್ಕೆ ಒಂಟೆಯೆಂದು ಅರ್ಥ! ಆನೆಯನ್ನೂ ಒಂಟೆಯನ್ನೂ ಕಾಣದ ಜನರು, ದೂರದೇಶದ ಯಾವುದೋ ಒಂದು ದೊಡ್ಡ ಪ್ರಾಣಿಗೆ ಕಿವಿಗೆ ಬಿದ್ದ ಹೆಸರನ್ನು ಅಂಟಿಸಿದರು. ಮೃಗವಿಲ್ಲದೆಯೂ ಹೆಸರು ಸಂಚರಿಸುತ್ತದೆ. ಆದುದರಿಂದ ಆನೆಯು ಭಾರತದಲ್ಲಿದೆಯೆಂಬುದು ಅದರ ಹೆಸರೂ ಭಾರತದ್ದೆಂಬುದಕ್ಕೆ ಹೇತುವಾಗಲಾರದು.

ಇನ್ನು ‘ಫಿಲ್’. ತುರ್ಕರಿಗೆ ಇದು ಅರಬ್ಬಿಯಿಂದ ಬಂದಿತು. ಅರಬ್ಬರಿಗೆ ಪಾರಸಿಯ ‘ಪೀಲ್’ನಿಂದ. ಪಕಾರವಿಲ್ಲದ ಅರಬ್ಬಿಯಲ್ಲಿ ಅದು ಫಕಾರವಾಯಿತು. ಕುರಾನಿನ 105ನೆಯ ಅಧ್ಯಾಯಕ್ಕೆ ಆನೆಯದೇ ಹೆಸರು. ಹನ್ನೊಂದನೆಯ ಶತಮಾನದಲ್ಲಿ ತುರ್ಕಿ ಭಾಷೆಗಳ ಕೋಶವನ್ನು ರಚಿಸಿದ ಕಾಷ್ಗರದ ಮಹಮೂದನು ಆನೆಗೆ ‘ಯಗನ್’ ಎಂಬ ಬೇರೆ ಶಬ್ದವನ್ನು ಕೊಟ್ಟಿದ್ದಾನೆ. ಇಷ್ಟನ್ನು ಒಪ್ಪಿಕೊಂಡು ಪಂಡಿತರು, ‘ಪಾರಸಿಯ ಪೀಲ್ ನಮ್ಮ ಪೀಲುವೇ’ ಎನ್ನುತ್ತಾರೆ. ಆದರೆ ಬಾಬಿಲೋನ್, ಅಸ್ಸೀರಿಯಗಳ ಅಕ್ಕಾಡಿ ಭಾಷೆಯಲ್ಲಿ ಆನೆಗೆ ‘ಪೀರು’ ಎಂಬ ಹೆಸರು ಬಹು ಹಿಂದೆಯೇ ಉಂಟು. ಕ್ರಿಸ್ತಪೂರ್ವ 1100ರ ಸುಮಾರಿನಲ್ಲಿ ಆಳಿದ ಅಸ್ಸೀರಿಯದ ಮೊದಲನೆಯ ತಿಗ್ಲತ್ ಪಿಲೇಸರನು ಹರ್ರಾನ್ ಸೀಮೆಯಲ್ಲಿಯೂ ಖಾಬೂರ್ ನದಿಯ ಪ್ರಾಂತದಲ್ಲಿಯೂ ಹತ್ತು ಆನೆಗಳನ್ನು ಕೊಂದು ನಾಲ್ಕನ್ನು ಜೀವಂತವಾಗಿ ಹಿಡಿದೆನೆಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆ ಹರ್ರಾನ್ ಇಂದಿನ ತುರ್ಕಿದೇಶದೊಳಗಿದೆ. ಅದೇ ದೇಶದ ಮರಾಷ್ ಪ್ರಾಂತದ ಬತ್ತಿದ ಸರೋವರವೊಂದರಲ್ಲಿ ಪ್ರಾಚೀನ ಆನೆಗಳ ಎಲುಬುಗಳು ದೊರೆತಿವೆ. ಮನೆಯ ಮುಂದೆಯೇ ಆನೆ ಮೇಯುತ್ತಿದ್ದಾಗ ಅದರ ಹೆಸರಿಗಾಗಿ ಆ ಜನರು ಸಿಂಧೂನದಿಯ ಕಡೆಗೆ ನೋಡುತ್ತ ಕುಳಿತಿದ್ದರೆಂದು ಹೇಗೆ ನಂಬುವುದು?

ಸಂಸ್ಕೃತಜ್ಞರಿಗೆ ಇದಕ್ಕಿಂತ ಹತ್ತಿರದ ಸಾಕ್ಷಿಯೊಂದಿದೆ. ಅಮರಸಿಂಹನು ಪೀಲುಶಬ್ದಕ್ಕೆ ಒಂದು ಬಗೆಯ ಮರವೆಂದೂ ಆನೆಯೆಂದೂ ಅರ್ಥಗಳನ್ನು ಹೇಳಿರುವುದು ನಿಜ. ಆದರೆ ಕುಮಾರಿಲಭಟ್ಟನು ತಂತ್ರವಾರ್ತಿಕದಲ್ಲಿ ಈ ಶಬ್ದವನ್ನೇ ಎತ್ತಿಕೊಂಡು, ಆರ್ಯರು ಇದನ್ನು ವೃಕ್ಷಾರ್ಥದಲ್ಲಿಯೂ ಮ್ಲೇಚ್ಛರು ಗಜಾರ್ಥದಲ್ಲಿಯೂ ಪ್ರಯೋಗಿಸುವರೆಂದು ವಿಚಾರಮಾಡಿದ್ದಾನೆ. ಮೀಮಾಂಸಕಶಿರೋಮಣಿಯೇ ಪರದೇಶದವರ ಪ್ರಯೋಗವೆಂದು ಗುರುತಿಸಿದ ಅರ್ಥವನ್ನು ಆತನ ಹೆಸರು ಹೇಳಿ ಕೈಮುಗಿಯುವವರು ಸ್ವದೇಶದ ಸೊತ್ತೆಂದು ಮೆರೆಸುವುದು ವಿಚಿತ್ರವಾಗಿದೆ. ಋಗ್ವೇದದ ಋಷಿಗಳಿಗೆ ಆನೆಯು ‘ಹಸ್ತೀ’, ಎಂದರೆ ಕೈಯುಳ್ಳ ಮೃಗ. ಸ್ವಂತ ಕಣ್ಣಿನಿಂದ ನೋಡಿ ಇಟ್ಟ ಹೆಸರೆಂದರೆ ಅದು.

‘ಅಕ್ಷರಸಾಮ್ಯದಿಂದಲೂ ನಿರ್ವಚನ ಮಾಡಬಹುದೆಂದು ಯಾಸ್ಕರೇ ಅಪ್ಪಣೆ ಕೊಟ್ಟಿಲ್ಲವೇ?’ ಎಂದು ಕೆಲವರು ಕೇಳುವರು. ಕೊಟ್ಟಿದ್ದಾರೆ, ವೇದದ ಶಬ್ದದಲ್ಲಿ ಅರ್ಥವನ್ನು ಕಾಣುವುದಕ್ಕೆ. ಒಂದು ದೇಶದ ಶಬ್ದವು ಇನ್ನೊಂದು ದೇಶಕ್ಕೆ ಯಾವಾಗ, ಯಾವ ದಾರಿಯಲ್ಲಿ ಹೋಯಿತೆಂಬುದು ಚರಿತ್ರೆಯ ಪ್ರಶ್ನೆ. ಅದಕ್ಕೆ ಕಾಲ, ದಾರಿ, ಧ್ವನಿನಿಯಮ ಈ ಮೂರೂ ಸಾಕ್ಷಿ ಹೇಳಬೇಕು.

ಈ ರೋಗವು ಭಾರತಕ್ಕೆ ಮಾತ್ರ ಸೇರಿದುದಲ್ಲ. ತುರ್ಕಿಯಲ್ಲಿ 1932ರಲ್ಲಿ ಭಾಷಾಸಂಘವು ಸ್ಥಾಪಿತವಾಗಿ, ಅರಬ್ಬಿ ಪಾರಸಿ ಶಬ್ದಗಳನ್ನು ಹೊರಗೆ ಹಾಕುವ ಕಾರ್ಯವು ಭರದಿಂದ ನಡೆಯಿತು. 1936ರ ಸಮ್ಮೇಳನದಲ್ಲಿ, ಆದಿಮಾನವನು ಸೂರ್ಯನನ್ನು ಕಂಡು ಹೊರಡಿಸಿದ ಉದ್ಗಾರವೇ ಭಾಷೆಗೆ ಮೂಲವೆಂದೂ, ಲೋಕದ ಭಾಷೆಗಳೆಲ್ಲವೂ ತುರ್ಕಿಯಿಂದ ಹೊರಟವೆಂದೂ ಸಾರುವ ‘ಸೂರ್ಯಭಾಷಾಸಿದ್ಧಾಂತ’ವು ಮೆರೆಯಿತು. 1938ರಲ್ಲಿ ಅತಾತುರ್ಕನು ತೀರಿಕೊಂಡ ಮೇಲೆ ಅದನ್ನು ಎತ್ತಿ ಹಿಡಿಯುವವರಿಲ್ಲವಾದರು. ‘ಫಿಲ್’ ಮಾತ್ರ ಇಂದಿಗೂ ತುರ್ಕಿಯಲ್ಲಿದೆ. ದಂತಕ್ಕೆ ಅವರು ‘ಫಿಲ್‌ದಿಷಿ’, ಆನೆಹಲ್ಲು, ಎನ್ನುತ್ತಾರೆ. ಎಲ್ಲವೂ ತುರ್ಕಿಯೆಂದವರೂ ಎಲ್ಲವೂ ಸಂಸ್ಕೃತವೆನ್ನುವವರೂ ಒಂದೇ ಗರಡಿಯಲ್ಲಿ ಪಳಗಿದವರು. ಅವರನ್ನು ನೋಡಿ ಇವರು ನಗುವಂತಿಲ್ಲ.

ಭಾರತವು ನಿಜವಾಗಿ ಕೊಟ್ಟುದಕ್ಕೆ ಸಾಕ್ಷಿಗಳ ಅಭಾವವಿಲ್ಲ. ತೈಮೂರನು 1398ರಲ್ಲಿ ದೆಹಲಿಯನ್ನು ಸೂರೆಮಾಡಿ ಆನೆಗಳನ್ನು ಕೊಂಡೊಯ್ದನು; 1402ರ ಅಂಕಾರಾ ಯುದ್ಧದಲ್ಲಿ ತುರ್ಕರ ಎದುರಿಗೆ ಆನೆಗಳನ್ನು ನಿಲ್ಲಿಸಿದನು. ತೈಮೂರನು ಬಿಟ್ಟ ಆನೆಯನ್ನು ಸಾಕಲಾರದೆ ಬಳಲಿದ ಊರಿನವರು ನಸ್ರೆದ್ದೀನ್ ಹೋಜನನ್ನು ಮುಂದೆಮಾಡಿಕೊಂಡು ದೂರುಕೊಡಲು ಹೊರಟು, ದಾರಿಯಲ್ಲಿ ಒಬ್ಬೊಬ್ಬರಾಗಿ ಜಾರಿಕೊಂಡರೆಂದೂ, ಒಂಟಿಯಾಗಿ ಉಳಿದ ಹೋಜನು ‘ಪ್ರಭುವೇ, ಈ ಆನೆಗೊಂದು ಜೊತೆಯನ್ನು ಕಳುಹಿಸಿ’ ಎಂದು ಬೇಡಿದನೆಂದೂ ತುರ್ಕರು ಇಂದಿಗೂ ಕಥೆ ಹೇಳುತ್ತಾರೆ. ಇಂಗ್ಲಿಷರು ವ್ಯರ್ಥವ್ಯಯದ ಹೊರೆಯನ್ನು ಬಿಳಿಯಾನೆಯೆನ್ನುತ್ತಾರೆ. ಕನ್ನಡಿಗನಾದರೋ ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾನೆ. ಭಾರತದಿಂದ ಹೊರಟ ಚದುರಂಗದ ಆನೆಯು ತುರ್ಕಿಯಲ್ಲಿ ‘ಫಿಲ್’ ಆಗಿಯೇ ನಿಂತಿದೆ. ಆ ಕಾಯಿಯೇ ಇಂಗ್ಲಿಷರಲ್ಲಿ ಬಿಷಪ್ಪನ ವೇಷ ತೊಟ್ಟಿದೆ. ಇವೆಲ್ಲ ದಾಖಲೆಯುಳ್ಳ ಋಣಗಳು, ಇಲ್ಲವೆ ಜನರ ಬಾಯಲ್ಲಿ ಬದುಕಿರುವ ಮಾತುಗಳು. ಇಷ್ಟು ಸೊತ್ತಿರುವ ಮನೆಯವರು ಸುಳ್ಳು ಪತ್ರವನ್ನು ಸೃಷ್ಟಿಸಬೇಕೇಕೆ?

ನಷ್ಟವು ಯಾರಿಗೆಂದರೆ ವಿದ್ಯಾರ್ಥಿಗೆ. ಸಂಸ್ಕೃತದ ‘ಪಿತೃ’ವೂ ಇಂಗ್ಲಿಷಿನ ‘ಫಾದರ್’ ಶಬ್ದವೂ ಒಂದೇ ಮೂಲದವೆಂಬುದು ನಿಯಮದಿಂದ ಸಿದ್ಧವಾದ ಸತ್ಯ. ಗುರುವು ಹೇಳಿದ ಇಭದ ಕಥೆ ಸುಳ್ಳೆಂದು ಮುಂದೊಂದು ದಿನ ತಿಳಿದ ಹುಡುಗನು ಈ ಸತ್ಯವನ್ನೂ ಅದರೊಡನೆಯೇ ಕಸದ ಬುಟ್ಟಿಗೆ ಹಾಕುವನು. ಸಂಸ್ಕೃತಕ್ಕೆ ಅಪಚಾರವಾಗುವುದು ಪ್ರಶ್ನೆ ಕೇಳುವವರಿಂದಲ್ಲ, ಅದರ ಹೆಸರಿನಲ್ಲಿ ಕಳ್ಳನಾಣ್ಯವನ್ನು ಚಲಾಯಿಸುವವರಿಂದ. ತಮಿಳಿನ ‘ಯಾನೈ’, ಮಲಯಾಳದ ‘ಆನ’, ತುಳುವಿನ ‘ಆನೆ’ಗಳೊಡನೆ ಒಡಹುಟ್ಟಿದ ಕನ್ನಡದ ‘ಆನೆ’ಯು ಯಾರ ವಂಶಾವಳಿಯನ್ನೂ ಎರವಲು ಬೇಡದೆ ತನ್ನ ಕಾಲಿನ ಮೇಲೆ ನಿಂತಿದೆ. ಅದನ್ನು ನೋಡಿಯಾದರೂ ಪಂಡಿತರು ಕಲಿಯಬೇಕು.