ಭಾವಗಳಿಗೂ ಚರಿತ್ರೆಯುಂಟು

ರಾಜರ ವಂಶಾವಳಿ, ಯುದ್ಧಗಳ ತಾರೀಖು, ಕಂದಾಯದ ಲೆಕ್ಕ, ಇವಿಷ್ಟೇ ಚರಿತ್ರೆಯೆಂದು ಬಹುಕಾಲ ಭಾವಿಸಲಾಗಿತ್ತು. ಹಿಂದಿನವರು ಯಾವುದಕ್ಕೆ ಅತ್ತರು, ಯಾವುದಕ್ಕೆ ನಾಚಿದರು, ಏನನ್ನು ಕಂಡು ಅಂಜಿದರು ಎಂಬ ಪ್ರಶ್ನೆಗಳನ್ನು ನಾವು ಕವಿಗಳ ಪಾಲಿಗೆ ಬಿಟ್ಟಿದ್ದೆವು. ಭಾವಜೀವನವನ್ನು ಅರಿಯದೆ ನಿಜವಾದ ಚರಿತ್ರೆ ಸಾಧ್ಯವಿಲ್ಲವೆಂದು ಫ್ರಾನ್ಸಿನ ಇತಿಹಾಸಕಾರ ಲೂಸ್ಯಾಂ ಫೆವ್ರ್ ಅವರು ೧೯೪೧ರಲ್ಲಿ ವಾದಿಸಿದರು. ಆ ಅಧ್ಯಯನ ಇಂದು ಒಂದು ಶಾಸ್ತ್ರವಾಗಿ ಬೆಳೆದಿದೆ. ಅದು ವಿದ್ವಾಂಸರಿಗೆ ಮಾತ್ರವಲ್ಲ, ವೈದ್ಯರಿಗೂ ಅವಶ್ಯವೆಂಬುದು ನಮ್ಮ ಅಭಿಪ್ರಾಯ.

ಒಂದು ನಿದರ್ಶನವನ್ನು ನೋಡೋಣ. ೧೬೮೮ರಲ್ಲಿ ಯೋಹಾನೆಸ್ ಹೋಫರ್ ಎಂಬ ತರುಣ ವೈದ್ಯವಿದ್ಯಾರ್ಥಿಯು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಪ್ರಬಂಧವನ್ನು ಮಂಡಿಸಿದನು. ಬಾಸೆಲ್ಲಿಗೆ ಓದಲು ಬಂದಿದ್ದ ಬೆರ್ನ್ ನಗರದ ಯುವಕನೊಬ್ಬನು ಜ್ವರ, ಎದೆಬಡಿತ, ಎಡೆಬಿಡದ ದುಃಖಗಳಿಂದ ಸಾಯುವ ಸ್ಥಿತಿಗೆ ಬಂದಿದ್ದನಂತೆ. ಊರಿಗೆ ಕಳುಹಿಸುವರೆಂದು ತಿಳಿದೊಡನೆ ಅವನ ಉಸಿರು ಹಗುರಾಯಿತು; ಬೆರ್ನ್ ತಲುಪುವ ಮೊದಲೇ ಅವನು ಗುಣಹೊಂದಿದನು. ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಹೋಫರನು ಈ ರೋಗಕ್ಕೆ 'ನಾಸ್ಟಾಲ್ಜಿಯ' ಎಂದು ಹೆಸರಿಟ್ಟನು. ಬೆಟ್ಟದವರು ತಗ್ಗಿಗೆ ಇಳಿದಾಗ ಭಾರವಾದ ಗಾಳಿ ಅವರ ಶರೀರವನ್ನು ಅದುಮುವುದೇ ಇದಕ್ಕೆ ಕಾರಣವೆಂದು ಮುಂದೆ ಷಾಯ್‌ಖ್ಟ್ಸರ್ ಎಂಬ ಸ್ವಿಸ್ ವಿದ್ವಾಂಸನು ವಿವರಿಸಿದನು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿಯೂ ಉತ್ತರದ ಸೇನೆಯ ವೈದ್ಯರು ೫,೦೦೦ಕ್ಕೂ ಹೆಚ್ಚು ಸೈನಿಕರನ್ನು ಈ ರೋಗದ ಹೆಸರಿನಲ್ಲಿ ದಾಖಲಿಸಿದರು. ಇಂದು ಅದೇ ಶಬ್ದವು ಕಳೆದ ಕಾಲದ ಸವಿನೆನಪನ್ನು ಸೂಚಿಸುತ್ತದೆ. ಅದಕ್ಕೆ ಯಾರೂ ಔಷಧಿ ಬರೆಯುವುದಿಲ್ಲ.

ಇನ್ನೂ ಹಿಂದೆ ಹೋದರೆ, ೪ನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಕ್ರೈಸ್ತ ವಿರಕ್ತ ಎವಾಗ್ರಿಯಸನು 'ಅಸೀಡಿಯ' ಎಂಬ ಭಾವವನ್ನು ವರ್ಣಿಸಿದ್ದಾನೆ. ನಡುಹಗಲಲ್ಲಿ ಸೂರ್ಯನು ನಿಂತುಬಿಟ್ಟಂತೆ ತೋರುತ್ತದೆ; ತನ್ನ ಗುಡಿಸಲೂ ಕೈಗೆಲಸವೂ ಬೇಡವಾಗುತ್ತವೆ; ಯಾರಾದರೂ ಬರುವರೇ ಎಂದು ಕಣ್ಣು ಹೊರಗೆ ಹರಿಯುತ್ತದೆ. ಅವನ ದೃಷ್ಟಿಯಲ್ಲಿ ಇದು ರೋಗವಲ್ಲ, ಎದುರಿಸಿ ಗೆಲ್ಲಬೇಕಾದ ಪಿಶಾಚಿ. ಮಧ್ಯಯುಗದುದ್ದಕ್ಕೂ ಈ ಕಲ್ಪನೆ ಮಾರ್ಪಡುತ್ತ, ಕೊನೆಗೆ ಸೋಮಾರಿತನವೆಂಬ ಪಾಪದಲ್ಲಿ ಲೀನವಾಯಿತು.

ಇಂಥ ವರ್ಣನೆಗಳನ್ನು ಓದಿದೊಡನೆ 'ಇದು ನಮ್ಮ ಇಂದಿನ ಖಿನ್ನತೆಯೇ' ಎಂದು ತೀರ್ಪು ಕೊಡುವುದು ಸುಲಭ. ಹಾಗೆ ಮಾಡಿದರೆ ಪಾಪಭೀತಿ, ಹೋರಾಟ, ಗೆದ್ದ ಬಳಿಕದ ಶಾಂತಿ, ಇವೆಲ್ಲವೂ ನಮ್ಮ ಜರಡಿಯಿಂದ ಸೋರಿಹೋಗುತ್ತವೆ. ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಮಧ್ಯಯುಗದ ಜನರು ಮಕ್ಕಳಂತೆ ಕ್ಷಣಕ್ಕೆ ಅಳುವವರು, ಕ್ಷಣಕ್ಕೆ ನಗುವವರು ಎಂಬ ಚಿತ್ರವನ್ನು ಹಾಲೆಂಡಿನ ಹೈಜಿಂಗ ಅವರು ೧೯೧೯ರಲ್ಲಿ ಕೊಟ್ಟರು. ಸಂಯಮವು ಅನಂತರ ಬಂದ ನಾಗರಿಕತೆಯ ಫಲವೆಂದು ನೋರ್ಬರ್ಟ್ ಎಲಿಯಾಸ್ ಅವರು ೧೯೩೯ರಲ್ಲಿ ಪ್ರತಿಪಾದಿಸಿದರು. ಬಾರ್ಬರಾ ರೋಸೆನ್‌ವೈನ್ ಅವರು ೨೦೦೨ರಲ್ಲಿ ಈ ಮತವನ್ನು ಖಂಡಿಸಿದರು. ಒಂದೇ ಕಾಲದಲ್ಲಿ ಮಠ, ಅರಮನೆ, ಕುಟುಂಬಗಳಲ್ಲಿ ಭಾವಗಳ ಬೇರೆ ಬೇರೆ ಕಟ್ಟಳೆಗಳಿರುತ್ತವೆ ಎಂಬ ಅವರ ವಾದವೇ ನಮಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಸತ್ತವರ ಹೃದಯವನ್ನು ಬಗೆದು ನೋಡುವುದು ಹೇಗೆ, ಹಳೆಯ ಪತ್ರಗಳು ಬರಿಯ ಒಕ್ಕಣೆಯಲ್ಲವೇ ಎಂದು ಕೇಳಬಹುದು. ಒಕ್ಕಣೆಯೂ ಒಂದು ಸಾಕ್ಷಿಯೇ. ಮಗು ಸತ್ತ ತಂದೆಗೆ ಯಾವ ಮಾತು ಉಚಿತವೆಂದು ಸಮಾಜ ಬಗೆದಿತ್ತೆಂಬುದು ಅದರಿಂದ ತಿಳಿಯುತ್ತದೆ. ಆದರೆ ಅದಕ್ಕಿಂತ ಹೆಚ್ಚನ್ನು ಹೇಳುವ ಅಧಿಕಾರ ಇತಿಹಾಸಕಾರನಿಗಿಲ್ಲ.

ಎದೆ ಬಡಿಯುವುದು, ಕಣ್ಣೀರು ಸುರಿಯುವುದು ಎಲ್ಲ ಕಾಲಕ್ಕೂ ಸಮಾನವಾದ ದೇಹಧರ್ಮವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದನ್ನು ವಿಂಗಡಿಸಿ ಹೆಸರಿಡುವ ಕ್ರಮ ಮಾತ್ರ ಬದಲಾಗುತ್ತದೆ. ನಾಟ್ಯಶಾಸ್ತ್ರವು ಎಂಟು ಸ್ಥಾಯಿಭಾವಗಳನ್ನೆಣಿಸಿ ಅವುಗಳಲ್ಲಿ ಉತ್ಸಾಹವನ್ನು ಸೇರಿಸಿತು. ದೇಕಾರ್ತನು ೧೬೪೯ರಲ್ಲಿ ಆರು ಮೂಲಭಾವಗಳನ್ನೆಣಿಸಿ ವಿಸ್ಮಯವನ್ನು ಮೊದಲಿಗಿಟ್ಟನು. ಪ್ರೀತಿಯೂ ಬಯಕೆಯೂ ಅವನ ಪಟ್ಟಿಯಲ್ಲಿವೆ. ೨೦ನೆಯ ಶತಮಾನದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಅವರ ಪ್ರಸಿದ್ಧವಾದ ಆರರಲ್ಲಿ ಪ್ರೀತಿಗೆ ಸ್ಥಾನವಿಲ್ಲ, ಜುಗುಪ್ಸೆಗಿದೆ. ನಮ್ಮ ಕಾಲದ ಪಟ್ಟಿಯೂ ಒಂದು ಕಾಲದ ಪಟ್ಟಿಯೇ ಎಂಬ ವಿನಯ ವಿಜ್ಞಾನಿಗೆ ಬೇಕು.

ಈ ವಿನಯದ ಅಭಾವದಿಂದ ನಷ್ಟವಾಗುವುದು ರೋಗಿಗೆ. ಒಂದು ದೇಶದಲ್ಲಿ ಸಿದ್ಧವಾದ ಮನೋರೋಗದ ಪ್ರಶ್ನಾವಳಿಗಳು ಇಂದು ಅನುವಾದಗೊಂಡು ಹಲವು ದೇಶಗಳನ್ನು ಸುತ್ತುತ್ತವೆ. ನಮ್ಮ ಹಳ್ಳಿಯ ಮುದುಕಿ 'ಹೊಟ್ಟೆಯಲ್ಲಿ ಸಂಕಟ', 'ಒಳಗೇ ಕೊರಗು' ಎಂದರೆ ಅದನ್ನು ಯಾವ ಮನೆಯಲ್ಲಿ ತುಂಬುವುದು? ಬೆರ್ನಿನ ಯುವಕನ ಕಥೆಯನ್ನು ಬಲ್ಲ ವೈದ್ಯನು ಅವಳ ಮಾತನ್ನು ಅವಸರದಿಂದ ತನ್ನ ಪರಿಭಾಷೆಗೆ ತಿರುಗಿಸನು; ಆ ಮಾತಿಗೆ ಅವಳ ಬಾಳಿನಲ್ಲಿ ಏನರ್ಥವೆಂದು ಮೊದಲು ಕೇಳುವನು. ವೈದ್ಯಕೀಯ ಶಿಕ್ಷಣದಲ್ಲಿ ಭಾವಗಳ ಚರಿತ್ರೆಗೆ ಕೆಲವು ಗಂಟೆಗಳನ್ನಾದರೂ ಮೀಸಲಿಡಬೇಕೆಂದು ನಾವು ಹೇಳುವುದು ಈ ಕಾರಣದಿಂದಲೇ.